ಹುಚ್ಚವ್ವನ ಗಂಟಿನ ಅಳತೆ

ನನ್ನ ಅತ್ತೆ ಹುಚ್ಚವ್ವನ ಹೊಟ್ಟೆಯ ಒಳಗನ್ನು ನೋಡಿದಷ್ಟು ನಿಗಾ ಇಟ್ಟು ನಾನು ಕನ್ನಡಿಯಲ್ಲಿ ನನ್ನ ಮುಖವನ್ನೂ ನೋಡಿಕೊಂಡಿಲ್ಲ. ಎರಡೂವರೆ ವರ್ಷದಲ್ಲಿ ಏಳು ಸಿ.ಟಿ. ಸ್ಕ್ಯಾನ್ ಆದವು. ಏಳೂ ಫಿಲ್ಮಿನ ಚೀಲಗಳು ನಮ್ಮ ಟ್ರಂಕಿನಲ್ಲಿ ಆರಾಮಾಗಿ ಮಲಗಿವೆ. ಅವುಗಳಿಗೆ ಜಾಗ ಬೇಕೆಂದು ನನ್ನ ಮದುವೆಯ ಸೀರೆ ಈಗ ಗಂಟಿನಲ್ಲಿ, ಅಟ್ಟದ ಮೇಲೆ.

ಅವಳು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಸಿಂದಗಿ ತಾಲೂಕಿನ ಯಂಕಂಚಿಯಲ್ಲಿ ಎಂಬತ್ತು ಕುರಿಗಳ ಒಡತಿ. ವಯಸ್ಸು ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಅವಳಿಗೂ ಗೊತ್ತಿಲ್ಲ, ಅವಳ ಆಧಾರ್ ಕಾರ್ಡಿಗೂ ಗೊತ್ತಿಲ್ಲ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಎಲೆಯಡಿಕೆಯ ಚೀಲ, ಬಾಯಲ್ಲಿ ಬೈಗುಳ. ನನಗೆ ಅತ್ತೆ ಮಾತ್ರವಲ್ಲ, ನಮ್ಮಪ್ಪನ ಖಾಸಾ ಅಕ್ಕ. ಹೂವಿನ ಹಿಪ್ಪರಗಿಯಲ್ಲಿ ನಾನು ಲಂಗ ಹಾಕಿಕೊಂಡು ಓಡಾಡುವಾಗಲೇ ‘ಇಕಿ ನಮ್ಮ ಸಂಗೂಗ’ ಎಂದು ಗುರುತು ಮಾಡಿಟ್ಟು ಹೋಗಿದ್ದಳಂತೆ, ಸಂತೆಯಲ್ಲಿ ಮರಿ ಆರಿಸಿದ ಹಾಗೆ! ಹಾಗಾಗಿ ನಮ್ಮಿಬ್ಬರ ನಡುವೆ ‘ರಿ’ ಹಚ್ಚಿ ಮಾತಾಡುವ ಪದ್ಧತಿ ಇಲ್ಲ. ನಾನು ಅವಳಿಗೆ ನೀನು ಎನ್ನುತ್ತೇನೆ, ಅವಳು ನನಗೆ ಬಾಯಿಗೆ ಬಂದದ್ದು ಎನ್ನುತ್ತಾಳೆ. ನಾನು ಊರಿನ ಅಂಗನವಾಡಿ ಟೀಚರ್ ರಾಜಶ್ರೀ. ಮಕ್ಕಳ ತಾಯಂದಿರು ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಮನೆಗೆ ಬಂದರೆ ಇವಳು, “ಏ ಹುಡುಗಿ, ಚಾ ಇಡು” ಎನ್ನುತ್ತಾಳೆ.

ಜಗಳ ನಮ್ಮ ಮನೆಯಲ್ಲಿ ಊಟದ ಹಾಗೆ, ದಿನಕ್ಕೆ ಎರಡು ಹೊತ್ತು. ರೊಟ್ಟಿ ದಪ್ಪ ಆಯಿತು, ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ, ನೀನು ಬಾಗಿಲಲ್ಲಿ ಕಂಬಳಿ ಝಾಡಿಸಬೇಡ, ನೀನು ನನ್ನ ಕುರಿಗೆ ಹೆಸರಿಡಬೇಡ. ನನ್ನ ಗಂಡ ಸಂಗು ಲೈನ್‌ಮನ್. ನಾವು ಶುರು ಮಾಡಿದರೆ ಅವರು ಕರೆಂಟ್ ಕಂಬದ ನೆಪ ಹೇಳಿ ಹೊರಗೆ ನಡೆಯುತ್ತಾರೆ. ಮಾವ ಪರಸಪ್ಪನವರು ಮಾತೇ ಆಡುವುದಿಲ್ಲ, ಆ ಮನುಷ್ಯನ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸಿದ್ದಾಳೆ.

ಇಂಥ ಹೆಂಗಸು ಎರಡೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಕುರಿ ಕಾಯುತ್ತಿದ್ದಲ್ಲೇ ಧೊಪ್ಪನೆ ಬಿದ್ದಳು. ಮೈಯಲ್ಲಿ ರಕ್ತವೇ ಇರಲಿಲ್ಲ. ಜಠರದ ಗೋಡೆಯಲ್ಲಿ ಮೋಸಂಬಿಯಷ್ಟು ಗಂಟು ಬೆಳೆದು ಒಳಗೊಳಗೇ ಸೋರುತ್ತಿತ್ತು. ವಿಜಯಪುರದ ದವಾಖಾನೆಯಲ್ಲಿ ಮೊದಲ ಸ್ಕ್ಯಾನ್ ಮಾಡಿ ಅದನ್ನು ತೆಗೆದು ಹಾಕಿದರು. ಅದರ ಹೆಸರು ಜಿಸ್ಟ್, ಕ್ಯಾನ್ಸರಿನ ಸಂಬಂಧಿಕರ ಪೈಕಿಯದೇ, ಎಂದರು ಡಾಕ್ಟರ್ ನಿಷತ. ಮುದ್ದೇಬಿಹಾಳದ ಹೆಣ್ಣುಮಗಳು, ನಮ್ಮ ಹಾಗೇ ಮಾತಾಡುತ್ತಾರೆ. “ಗಂಟು ಹೋತು ಅಂತ ಮರತು ಕುಂಡ್ರಬ್ಯಾಡ್ರಿ. ಇದು ತಿರುಗಿ ಬರೂ ಜಾತಿದು. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಸಬಾರದು” ಎಂದು ನನ್ನಿಂದ ಮಾತು ತೆಗೆದುಕೊಂಡರು.

ಸ್ಕ್ಯಾನ್ ಎಂದರೆ ನಮ್ಮ ಅತ್ತೆಗೆ ಒಂದು ಪ್ರವಾಸ. ಮುಂಜಾನೆಯಿಂದ ಖಾಲಿ ಹೊಟ್ಟೆ, ಅದರ ಸಿಟ್ಟು ಬಸ್ಸಿನ ಕಂಡಕ್ಟರ್ ಮೇಲೆ. ಅಲ್ಲಿ ಹೋದ ಮೇಲೆ ಔಷಧಿ ಕಲಸಿದ ನೀರು ಒಂದು ಬಾಟಲಿ, ತಾಸು ಹೊತ್ತು ಗುಟುಕು ಗುಟುಕಾಗಿ ಕುಡಿಯಬೇಕು. “ನಮ್ಮ ಕುರಿಗೂಳ ಇದನ್ನ ಮೂಸಿ ಸೈತ ನೋಡೂದಿಲ್ಲ” ಎನ್ನುತ್ತ ಕುಡಿದು ಮುಗಿಸುತ್ತಾಳೆ. ಕೈಯ ಬೆಳ್ಳಿ ಕಡಗ ತೆಗೆಯಲು ಒಂದು ಜಗಳ, ಕೊರಳಿನ ಸರ ತೆಗೆಯಲು ಇನ್ನೊಂದು. ಕೈಯ ನರಕ್ಕೆ ಇಂಜೆಕ್ಷನ್ ಏರಿದ ಕೂಡಲೇ, “ಯವ್ವಾ, ಮೈಯಾಗ ಬಿಸಿ ಚಾ ಸುರುವಿದಂಗ ಆತಲೇ!” ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಾಳೆ.

ಮೊದಲ ಸಲ ಯಂತ್ರ ಹಿಂದಿಯಲ್ಲಿ ಉಸಿರು ಹಿಡಿಯಿರಿ ಎಂದಾಗ ಇವಳು, “ಹೂಂ, ಹಿಡದೇನಿ” ಎಂದು ಉತ್ತರ ಕೊಟ್ಟಳು. ಮಾತಾಡಿದರೆ ಉಸಿರು ಎಲ್ಲಿ ನಿಲ್ಲುತ್ತದೆ? ಚಿತ್ರ ಅಲುಗಾಡಿ ಹೋಯಿತು. ಸ್ಕ್ಯಾನ್ ಮಾಡುವ ನಿಯಾಜ ಹೊರಗೆ ಬಂದು ಕೈಮುಗಿದ.

“ಯಮ್ಮಾ, ಅದು ಮಿಷನ್ ರೀ. ಅದಕ್ಕ ಉತ್ತರ ಕೊಡಬ್ಯಾಡ್ರಿ.”

“ಅದು ಹೇಳೂದು, ನಾವು ಓ ಅನಬಾರದು. ಯಾ ನಮೂನಿ ಮರ್ಯಾದಿನೋ ಇದು!”

ಹೀಗೆ ಬೈಯುತ್ತ ನಗುತ್ತ, ಆಪರೇಶನ್ ಆದ ಮೇಲಿನ ಮೂರು ಸ್ಕ್ಯಾನ್ ಚೊಕ್ಕ ಬಂದವು. ಎರಡು ವರ್ಷಕ್ಕೆ ಮಾಡಿಸಿದ್ದರಲ್ಲಿ ಮಾತ್ರ ಲಿವರ್ ಮೇಲೆ ಹೊಸದೊಂದು ಗಂಟು ಕಾಣಿಸಿತು. ಮೂವತ್ತೆರಡು ಮಿಲಿಮೀಟರ್. ಡಾಕ್ಟರ್ ನಿಷತ ಗುಳಿಗೆ ಬರೆದುಕೊಟ್ಟರು. ದಿನಾ ಒಂದು, ಊಟದ ಮೇಲೆ, ತಂಬಿಗೆ ತುಂಬ ನೀರಿನೊಂದಿಗೆ. ಗುಳಿಗೆ ತಿಂದರೆ ಬೆಳಿಗ್ಗೆ ಅವಳ ಕಣ್ಣಿನ ರೆಪ್ಪೆಗಳು ಬಾತುಕೊಳ್ಳುತ್ತಿದ್ದವು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬೈದಳು, ಆದರೆ ತಿಂದಳು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್, ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು. ಅದು ಆರನೆಯದು. ನಾನು ಹುಚ್ಚಾಟ ಆಡಿದ್ದು ಆಗಲೇ.

ವರದಿ ಮೊಬೈಲಿಗೆ ಬಂತು. ಡಾಕ್ಟರ್ ಭೇಟಿ ಹದಿನೈದು ದಿನ ಆದ ಮೇಲೆ ಇತ್ತು. ನಾನು ಅಂಗನವಾಡಿಯಲ್ಲಿ ಮಕ್ಕಳ ತೂಕ ಮಾಡುತ್ತ ಕುಳಿತಿದ್ದೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ, ಆದರೆ ಅಂಕಿ ಓದಲು ಯಾರ ಹಂಗೂ ಬೇಡ. ಲಿವರ್ ಎಂಬ ಸಾಲು ಹುಡುಕಿದೆ. ಹಿಂದೆ ಮೂವತ್ತೆರಡು, ಈಗ ನಲವತ್ತೊಂದು. ಗಾತ್ರ ಹೆಚ್ಚಾಗಿದೆ. ಅದರ ಮುಂದಿನ ಸಾಲಿನಲ್ಲಿ ಇನ್ನೇನೋ ಇತ್ತು, ನಾನು ಅದನ್ನು ಓದಲಿಲ್ಲ. ಓದುವುದೇನಿದೆ? ಹನ್ನೊಂದು ವರ್ಷದಿಂದ ನನ್ನ ಕೆಲಸವೇ ಅಳೆಯುವುದು. ಮಗುವಿನ ತೋಳಿಗೆ ಟೇಪು ಸುತ್ತು, ತಕ್ಕಡಿಗೆ ಹಾಕು, ಬೆಳವಣಿಗೆಯ ಕಾರ್ಡಿನಲ್ಲಿ ಚುಕ್ಕೆ ಇಡು, ಚುಕ್ಕೆಗೆ ಚುಕ್ಕೆ ಗೆರೆ ಕೂಡಿಸು. ಅಂಕಿ ಏರಿದರೆ ಬೆಳೆಯಿತು, ಇಳಿದರೆ ಬಡವಾಯಿತು. ನನ್ನ ಲೋಕದಲ್ಲಿ ಮೂರನೆಯ ಮಾತಿಲ್ಲ.

ಕೈ ಸುಮ್ಮನಿರಲಿಲ್ಲ. ಖಾಲಿ ಬೆಳವಣಿಗೆ ಕಾರ್ಡೊಂದನ್ನು ತೆಗೆದು ಅತ್ತೆಯ ಗಂಟಿಗೆ ಚುಕ್ಕೆ ಇಟ್ಟೆ. ಸೊನ್ನೆ, ಸೊನ್ನೆ, ಸೊನ್ನೆ, ಮೂವತ್ತೆರಡು, ನಲವತ್ತೊಂದು. ಗೆರೆ ಏಣಿ ಹತ್ತಿದ ಹಾಗೆ ಹತ್ತಿತು. ಮಕ್ಕಳ ಗೆರೆ ಹೀಗೆ ಏರಿದರೆ ನಾವು ಚಪ್ಪಾಳೆ ಹೊಡೆಸುತ್ತೇವೆ. ಗುಳಿಗೆ ಹತ್ತಲಿಲ್ಲ, ಅತ್ತೆ ನಮ್ಮ ಕೈ ಬಿಟ್ಟು ಹೋಗುತ್ತಾಳೆ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಗಂಡನಿಗೆ ಹೇಳಿದೆ. ಅವರು, “ಅವ್ವಗ ಹೇಳೂದು ಬ್ಯಾಡ. ಇರೂಮಟ ಆರಾಮ ಇರ್ಲಿ” ಎಂದರು. ಕಾರ್ಡನ್ನು ಫಿಲ್ಮಿನ ಚೀಲದೊಳಗೆ ತುರುಕಿ ಟ್ರಂಕಿಗೆ ಹಾಕಿದೆ. ಮಾವನಿಗೂ ಹೇಳಲಿಲ್ಲ. ಅತ್ತೆ ವರದಿಯ ಬಗ್ಗೆ ಕೇಳಿದಾಗ, “ಎಲ್ಲಾ ಚಲೋ ಐತಿ” ಎಂದೆ. ಸುಳ್ಳು ಹೇಳುವಾಗ ನನ್ನ ದನಿ ತೆಳುವಾಗುತ್ತದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು.

ಆಮೇಲೆ ಶುರುವಾಯಿತು ನಮ್ಮ ನಾಟಕ. ಮರುದಿನ ಶೇಂಗಾ ಹೋಳಿಗೆ ಮಾಡಿದೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ! ರೊಟ್ಟಿ ದಪ್ಪ ಎಂದಳು, “ನಾಳೆ ತೆಳ್ಳಗ ಮಾಡ್ತೇನಿ ಅತ್ತಿ” ಎಂದೆ. ಅವಳು ಬಾಗಿಲಲ್ಲೇ ಕಂಬಳಿ ಝಾಡಿಸಿದಳು, ನಾನು ಕಸಬರಿಗೆ ತಂದು ಗುಡಿಸಿದೆ. ಗಂಡ ದಿನಾ ಬಾಳೆಹಣ್ಣು ತಂದರು. ಫೋನಿನಲ್ಲಿ ನನ್ನಿಂದ ಸುದ್ದಿ ಕೇಳಿದ ನಮ್ಮವ್ವ ಹಿಪ್ಪರಗಿಯಿಂದ ಬಂದು ಅತ್ತೆಯ ಪಾದ ಹಿಡಿದುಕೊಂಡು ಕುಳಿತಳು. ಸುಮ್ಮನಿರು ಎಂದು ನಾನು ಕಣ್ಣಲ್ಲೇ ಗದರಿಸಿದರೂ ಸೆರಗು ಬಾಯಿಗೆ ಒತ್ತಿಕೊಂಡು ಮುಸುಮುಸು ಅತ್ತಳು. ಅತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

ಹನ್ನೆರಡನೆಯ ದಿನ ನಾನು ಮನೆಗೆ ಬಂದಾಗ ಅಂಗಳದಲ್ಲಿ ಬುತ್ತಿಯ ಗಂಟು, ಎರಡು ಕಂಬಳಿ, ಕುರಿಗಳಿಗೆ ಬಲೆ ಕಟ್ಟುವ ಗೂಟಗಳು ಬಿದ್ದಿದ್ದವು. ಮಾವ ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದರು.

“ಎಲ್ಲಿಗೆ ನಡದೀರಿ?” ಎಂದೆ.

“ಭೀಮಾ ದಂಡಿಗೆ” ಎಂದಳು ಅತ್ತೆ. “ನಾಳೆ ಮುಂಜಾನೆ ಕುರಿ ಹೊಡಕೊಂಡು ಹೊಕ್ಕೇವಿ. ಮೂರು ತಿಂಗಳೋ ನಾಕ ತಿಂಗಳೋ, ಹುಲ್ಲು ಇರೂಮಟ.”

“ಶನಿವಾರ ಡಾಕ್ಟರ್ ಭೇಟಿ ಐತಿ ಅತ್ತಿ!”

“ಸತ್ತ ಮ್ಯಾಲೆ ಡಾಕ್ಟರ್ ಯಾಕ?” ಎಂದು ಸೊಂಟದಿಂದ ಆ ಕಾರ್ಡು ತೆಗೆದು ನನ್ನ ಮುಂದೆ ಎಸೆದಳು. “ಓದಾಕ ಬರೂದಿಲ್ಲ ನನಗ, ಖರೆ. ಆದ್ರ ನನ್ನ ಮೊಮ್ಮಗಳು ಸಾಕ್ಷೀದು ತೂಕದ ಕಾರ್ಡು ತಿಂಗಳಾ ನೋಡೇನಿ. ಗೆರಿ ಮ್ಯಾಲ ಹೋದ್ರ ಬೆಳದಂಗ. ಇದು ನನ್ನ ಗಂಟಿನ ಗೆರಿ ಹೌದಲ್ಲೋ?”

ಮನೆಮಂದಿಯೆಲ್ಲ ಬೆಣ್ಣೆಯಂತೆ ಮಾತಾಡಲು ಶುರು ಮಾಡಿದ ನಾಲ್ಕನೆಯ ದಿನವೇ ಅವಳಿಗೆ ಅನುಮಾನ ಬಂದು ಟ್ರಂಕು ತೆರೆದಿದ್ದಾಳೆ. ಅವತ್ತಿನಿಂದ ಗುಳಿಗೆಯನ್ನೂ ಬಿಟ್ಟಿದ್ದಾಳೆ. ಎಂಟು ದಿನ! ನಾನು ಕೊಟ್ಟ ಗುಳಿಗೆಗಳೆಲ್ಲ ಎಲೆಯಡಿಕೆಯ ಚೀಲದ ತಳದಲ್ಲಿದ್ದವು.

“ಗುಳಗಿ ತಿಂದೂ ಗಂಟು ಬೆಳೀತೈತಿ ಅಂದ್ರ ಆ ಸುಡಗಾಡ ಗುಳಗಿ ನಾ ಯಾಕ ತಿನ್ನಲಿ? ಕಣ್ಣು ಬಾವಸ್ಕೊಂಡು, ಕಾಲು ಹಿಡಕೊಂಡು ಮನ್ಯಾಗ ಬಿದ್ದು ಸಾಯೂಕಿ ಅಲ್ಲ ನಾ. ಕುರಿ ಹಿಂದ ಸಾಯ್ತೇನಿ.”

ನನಗೆ ಎಲ್ಲಿತ್ತೋ ಸಿಟ್ಟು, ಭುಗ್ ಎಂದು ಎದ್ದಿತು. “ನಿನಗ ಯಾರ ಹೇಳಿದ್ರು ಗುಳಗಿ ಬಿಡು ಅಂತ? ನೀ ಏನ ಡಾಕ್ಟರ್ ಏನ?” ಎಂದೆ. “ನಿನಗ ಯಾರ ಹೇಳಿದ್ರು ನನ್ನ ಮುಂದ ಸುಳ್ಳ ಹೇಳು ಅಂತ? ಹೊಟ್ಟಿ ನಂದು, ಗಂಟು ನಂದು, ಓದಾವಳು ನೀನು, ಅಳಾವಳು ನಿಮ್ಮವ್ವ!” ಎಂದಳು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ನಾನು ಅಳುತ್ತ ಬೈದೆ, ಅವಳು ಎಲೆಯಡಿಕೆ ಅಗಿಯುತ್ತ ಬೈದಳು. ಕೊನೆಗೆ ನಾನು ಕುರಿಗೂಟಗಳ ಮೇಲೆ ಕುಳಿತು, ನನ್ನನ್ನು ಎತ್ತಿ ಒಗೆದು ಹೋಗು ಎಂದೆ.

ಅತ್ತೆ ಬಾಯಿಯ ಎಲೆಯಡಿಕೆ ಉಗುಳಿ ಬಂದಳು. “ನಾಳೆ ಡಾಕ್ಟರಬಾಯಿ ಮಾರಿ ಒಂದ ಸಲ ನೋಡ್ತೇನಿ. ಆದ್ರ ಅಕಿ ನನ್ನ ಕೂಡನ ಮಾತಾಡಬೇಕು. ನೀ ನಡು ಬಾಯಿ ಹಾಕಿದ್ರ ಅಲ್ಲಿಂದನ ಎದ್ದು ಹೊಕ್ಕೇನಿ” ಎಂದಳು. ಗಂಡ ಅವತ್ತೇ ಫೋನ್ ಹಚ್ಚಿ ಶನಿವಾರದ ಭೇಟಿಯನ್ನು ಮರುದಿನಕ್ಕೆ ಮಾಡಿಸಿದರು.

ಡಾಕ್ಟರ್ ನಿಷತ ಹಳೆಯ ಸ್ಕ್ಯಾನ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಕಂಪ್ಯೂಟರಿನಲ್ಲಿ ಜೋಡಿಸಿದರು. ರೂಢಿಯಂತೆ ನನ್ನ ಕಡೆ ತಿರುಗಿದರು. ನಾನು ತಲೆ ಅಲ್ಲಾಡಿಸಿ ಅತ್ತೆಯ ಕಡೆ ಕೈ ತೋರಿಸಿದೆ. ಅವರು ಕುರ್ಚಿ ಸರಿಸಿಕೊಂಡು ಅವಳ ಎದುರು ಕುಳಿತರು.

“ಇಲ್ಲಿ ನೋಡವ್ವಾ. ಇದು ಮೊದಲಿನ ಗಂಟು. ಬೆಳ್ಳಗ ಹೊಳೀತೈತಿ, ಹೌದಲ್ಲೋ? ಅಂದ್ರ ಒಳಗ ಗಟ್ಟಿ ಐತಿ, ಜೀವ ಐತಿ. ಇದು ಈಗಿಂದು. ಅಳತಿ ಹೆಚ್ಚಾಗೇತಿ, ಆದ್ರ ಬಣ್ಣ ನೋಡು, ಬೂದಿ ಬೂದಿ. ಒಳಗ ಸತ್ತು ನೀರಾಗೇತಿ. ಗುಳಗಿ ಚಲೋ ಹತ್ತೇತಿ.”

ಬಾಯಿ ಹಾಕಬಾರದು ಎಂದು ಹಲ್ಲು ಕಚ್ಚಿ ಕುಳಿತಿದ್ದೆ, ಆಗಲಿಲ್ಲ. “ನಲವತ್ತೊಂದು ಆಗೇತಲ್ರಿ ಮೇಡಂ!” ಎಂದುಬಿಟ್ಟೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಕಂಪ್ಯೂಟರಿನ ಹತ್ತಿರ ಮುಖ ಒಯ್ದು ಎರಡೂ ಗಂಟುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಒಂದು ನಗು ಮೂಡಿತು. ಸಂತೆಯಲ್ಲಿ ದಲ್ಲಾಳಿಯ ಮೋಸ ಹಿಡಿದಾಗ ನಗುತ್ತಾಳಲ್ಲ, ಅದೇ ನಗು.

“ತಿಳೀತು ಬಿಡ್ರಿ ಡಾಕ್ಟರಬಾಯಿ. ಸಂತಿ ದಿನ ಮುಂಜಾನೆ ಕುರಿಗೆ ಉಪ್ಪು ನೆಕ್ಕಸ್ತಾರ, ಹೊಟ್ಟಿ ತುಂಬ ನೀರ ಕುಡಸ್ತಾರ. ಕುರಿ ಡಬ್ಬ ಆಗಿ ಕಾಣ್ತೈತಿ. ತಿಳೀಲಾರದಂವ ಕಣ್ಣೀಲೆ ನೋಡಿ ಹಿಡಕೊಂಡು ಹೊಕ್ಕಾನ. ತಿಳದಂವ ಬೆನ್ನಿಗೆ ಕೈ ಹಾಕಿ ಒತ್ತಿ ನೋಡ್ತಾನ. ನಿಮ್ಮ ಮಿಷನ್ ಬೆನ್ನಿಗೆ ಕೈ ಹಾಕೇತಿ, ನಮ್ಮ ಟೀಚರಬಾಯಿ ಕಣ್ಣೀಲೆ ನೋಡ್ಯಾಳ.”

ಡಾಕ್ಟರ್ ಬಿದ್ದು ಬಿದ್ದು ನಕ್ಕರು. “ಇಷ್ಟ ಚಂದ ನನಗ ಹೇಳಾಕ ಬರ್ತಿದ್ದಿಲ್ಲ ನೋಡವ್ವಾ” ಎಂದರು. ವರದಿಯ ಕಾಗದ ತಿರುಗಿಸಿ ನನಗೆ ತೋರಿಸಿದರು. ನಾನು ಓದದೆ ಬಿಟ್ಟ ಮುಂದಿನ ಸಾಲಿನಲ್ಲಿ ಅದೇ ಬರೆದಿತ್ತು. ಗಟ್ಟಿತನದ ಅಂಕಿ ಎಂಬತ್ತೆರಡರಿಂದ ಮೂವತ್ತೈದಕ್ಕೆ ಇಳಿದಿದೆ ಎಂದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಖುಷಿಯೂ ಆಗಿತ್ತು. ನಾಚಿಕೆ, ಖುಷಿ ಎರಡೂ ಕೂಡಿ ಮೂಗಿನಲ್ಲಿ ನೀರು ಬಂತು.

“ಗುಳಗಿ ತಪ್ಪದಂಗ ತಗೊಂತಿಯಲ್ಲ?” ಎಂದು ಡಾಕ್ಟರ್ ಕೇಳಿದರು.

ಅತ್ತೆ ಸೀದಾ ಹೇಳಿಬಿಟ್ಟಳು, “ಎಂಟ ದಿನದಿಂದ ಬಿಟ್ಟೇನ್ರಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಗು ಎಲ್ಲಿ ಹೋಯಿತೋ. “ಯಾರನ್ನ ಕೇಳಿ ಬಿಟ್ಟಿ? ಆ ಗಂಟು ಬಾಡಿದ್ದ ಗುಳಗಿಯಿಂದ. ಬಿಟ್ರ ಮತ್ತ ಚಿಗೀತೈತಿ. ಎಂಟು ದಿನದಾಗ ಒಳಗ ಏನಾಗೇತಿ, ಏನ ಆಗಿಲ್ಲ, ಈಗ ನನಗ ಹೇಳಾಕ ಆಗೂದಿಲ್ಲ. ಇವತ್ತಿನಿಂದ ಶುರು ಮಾಡು. ಮೂರು ತಿಂಗಳಿಗೆ ಸ್ಕ್ಯಾನ್. ಆವಾಗ ಗೊತ್ತಾಗ್ತೈತಿ.”

ಅತ್ತೆ ನನ್ನನ್ನು ಬಿಟ್ಟುಕೊಡಲಿಲ್ಲ. ಕಾರ್ಡಿನ ಮಾತು ಅವಳ ಬಾಯಿಂದ ಬರಲೇ ಇಲ್ಲ. ನಾನೇ ಹೇಳಿದೆ, ತಪ್ಪು ನನ್ನದು ಎಂದು. ಡಾಕ್ಟರ್ ನನ್ನನ್ನು ಒಂದು ಸಲ ನೋಡಿ, “ಓದಾವರು ಪೂರ್ತಿ ಓದಬೇಕು ಟೀಚರ್. ಯಾರದು ಐತೋ ಅವರ ಮುಂದ ಓದಬೇಕು” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಮೂರು ತಿಂಗಳು ಹೇಗೆ ಕಳೆದೆ ಎಂದು ಕೇಳಬೇಡಿ. ಭೀಮಾ ದಂಡೆಗೆ ಮಾವ ಒಬ್ಬರೇ ಅರ್ಧ ಕುರಿಗಳನ್ನು ಹೊಡೆದುಕೊಂಡು ಹೋದರು. ಅತ್ತೆ ಉಳಿದರ್ಧವನ್ನು ಊರ ಸುತ್ತಲೇ ಮೇಯಿಸಿದಳು. ಮಧ್ಯಾಹ್ನ ಅವಳು ಎಲ್ಲಿದ್ದರೂ ನಾನು ಬುತ್ತಿ ಹಿಡಿದು ಹೋಗಿ, ಗುಳಿಗೆ ಗಂಟಲಿಳಿಯುವುದನ್ನು ನೋಡಿಯೇ ಬರುತ್ತಿದ್ದೆ. “ಬಾಯಿ ತಗದು ತೋರಸ್ಲೇನ?” ಎಂದು ಬಾಯಿ ತೆಗೆಯುತ್ತಿದ್ದಳು. ನಾನು ನಿಜವಾಗಿಯೂ ಬಗ್ಗಿ ನೋಡುತ್ತಿದ್ದೆ. ಅಂಗನವಾಡಿಯಲ್ಲಿ ಮಗುವೊಂದರ ಗೆರೆ ಏರಿದಾಗ ಚಪ್ಪಾಳೆಗೆ ಎತ್ತಿದ ಕೈ ಗಾಳಿಯಲ್ಲೇ ನಿಂತು, ಎಂಟು ದಿನ, ಎಂಟು ದಿನ ಎಂದು ತಲೆಯಲ್ಲಿ ಗುಯ್ಗುಡುತ್ತಿತ್ತು.

ಏಳನೆಯ ಸ್ಕ್ಯಾನ್ ಆದ ಮರುದಿನ ಹನ್ನೆರಡು ಗಂಟೆಗೆ ಮೊಬೈಲ್ ಟಣ್ ಎಂದಿತು. ವರದಿ. ಮಕ್ಕಳಿಗೆ ಊಟ ಬಡಿಸುತ್ತಿದ್ದೆ. ಬೆರಳು ತಾನಾಗಿಯೇ ಅದರ ಮೇಲೆ ಹೋಯಿತು. ತೆಗೆದು ಒಂದು ಕಣ್ಣು ಹಾಯಿಸಿಬಿಡಲೇ, ಕೆಟ್ಟದ್ದಿದ್ದರೆ ಹೇಗೆ ಹೇಳಬೇಕು ಎಂದಾದರೂ ಗೊತ್ತಾಗುತ್ತದೆ ಎಂದು ಮನಸ್ಸು ಪೀಡಿಸಿತು. ಮೊಬೈಲನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಮಕ್ಕಳನ್ನು ಸಹಾಯಕಿ ಸುಲ್ತಾನಾಳಿಗೆ ಒಪ್ಪಿಸಿ, ಬಿಸಿಲಿನಲ್ಲಿ ಹಳ್ಳದ ಕಡೆ ನಡೆದೆ. ನಡೆದೆ ಎಂದೆನೇ? ಅರ್ಧ ದಾರಿ ಓಡಿದೆ.

ಅತ್ತೆ ಜಾಲಿಗಿಡದ ನೆರಳಿನಲ್ಲಿ ಕುಂಟುವ ಕುರಿಯೊಂದನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಅದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು.

“ವರದಿ ಬಂದೈತಿ” ಎಂದೆ. “ನಾ ಇನ್ನಾ ನೋಡಿಲ್ಲ.”

ಅವಳು ನನ್ನ ಮುಖ ನೋಡಿದಳು. ದನಿ ತೆಳುವಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದಳೆಂದು ಕಾಣುತ್ತದೆ. “ಓದು” ಎಂದಳು. “ಒಂದೂ ಬಿಡಬ್ಯಾಡ.”

ನಿಂತುಕೊಂಡೇ ಓದಿದೆ. ಅವಳ ಹೆಸರು, ವಯಸ್ಸು, ತಾರೀಖು. ಇಂಗ್ಲಿಷ್ ಶಬ್ದವನ್ನು ಒಡೆದು ಒಡೆದು ಹೇಳುತ್ತ, ತಿಳಿದಷ್ಟನ್ನು ಕನ್ನಡ ಮಾಡುತ್ತ ಹೋದೆ. ಜಠರ, ಆಪರೇಶನ್ ಆದ ಜಾಗ, ಹೊಸದೇನೂ ಇಲ್ಲ. ಮೂತ್ರಪಿಂಡ, ಸರಿ ಇವೆ. ಆಮೇಲೆ ಲಿವರ್ ಎಂಬ ಸಾಲು ಬಂತು. ಅಕ್ಷರಗಳು ನೀರಿನೊಳಗೆ ಅಲುಗಾಡಿದವು.

“ಮುಂದ ಓದು” ಎಂದಳು ಅತ್ತೆ. ಅವಳ ಕೈ ಕುರಿಯ ಕಾಲ ಮೇಲೆ ಹಾಗೇ ನಿಂತಿತ್ತು.

ಹಿಂದೆ ನಲವತ್ತೊಂದು, ಈಗ ಮೂವತ್ತಾರು. ಗಟ್ಟಿತನ ಮೂವತ್ತೈದು ಇದ್ದದ್ದು ಇಪ್ಪತ್ತೆಂಟು. ಹೊಸ ಗಂಟು ಎಲ್ಲಿಯೂ ಇಲ್ಲ. ಅಲ್ಲಿಗೂ ಬಿಡಲಿಲ್ಲ ಆ ಪುಣ್ಯಾತ್ಗಿತ್ತಿ. ಕೊನೆಯ ಸಾಲಿನವರೆಗೆ, ಸಹಿ ಹಾಕಿದ ಡಾಕ್ಟರ್ ಹೆಸರಿನವರೆಗೆ ಓದಿಸಿದಳು. ಓದಿ ಮುಗಿಸಿ ಮೊಬೈಲನ್ನು ಮತ್ತೆ ಸೆರಗಿಗೆ ಕಟ್ಟಿದೆ. ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ, ಮೂರು ತಿಂಗಳಿನದನ್ನೆಲ್ಲ ಒಂದೇ ಸಲ, ದೊಡ್ಡ ದನಿ ತೆಗೆದು ಅತ್ತುಬಿಟ್ಟೆ. ಅವಳ ಮೊಣಕಾಲ ನಡುವಿನ ಕುರಿ ಗಾಬರಿಯಾಗಿ ಒದರಾಡಿತು, ಸುತ್ತಲಿನ ಕುರಿಗಳು ತಲೆ ಎತ್ತಿ ನನ್ನ ಕಡೆ ನೋಡಿದವು.

ಅವಳು ಮಣ್ಣುಗೈಯಿಂದಲೇ ನನ್ನ ತಲೆ ಸವರಿದಳು.

“ಇನ್ನಾ ಇರ್ತೇನಿ ಬಿಡ ರಾಜಿ. ಅಳಬ್ಯಾಡ, ಕುರಿ ಬೆದರ್ತಾವ.”